ದೀರ್ಘಶಾಂತಿಯ ಚೀಟಿ

ಕಾರಿನ ಬಾನೆಟ್ಟಿನ ಆಚೆ ಒಂದು ಮಗುವಿನ ಮುಖ. ತಲೆಯಲ್ಲಿ ಹಸಿರು ರಿಬ್ಬನ್ನು, ಕೈಯಲ್ಲಿ ತನ್ನ ಎತ್ತರಕ್ಕಿಂತ ಉದ್ದದ ತಾಳೆಗರಿ, ಅರ್ಧ ತೆರೆದ ಬಾಯಿ. ಹಾಡುತ್ತಿದ್ದ ಬಾಯಿ ಅದು. ಕಿರುಚುವಷ್ಟು ಹೊತ್ತು ಅವಳಿಗೆ ಸಿಕ್ಕಿರಲಿಲ್ಲ.

ಕೆಲಸಕ್ಕೆ ಹೋಗುವ ಟ್ರೇನಿನಲ್ಲಿ, ಅಕ್ಕಿ ತೊಳೆಯುವಾಗ, ಗ್ರೋಸರಿ ಅಂಗಡಿಯ ಸಾಲಿನಲ್ಲಿ ನಿಂತಾಗ ಆ ಮುಖ ಬರುತ್ತದೆ. ಪ್ರತಿ ಸಲವೂ ಕಾರು ನಿಲ್ಲುತ್ತದೆ. ಅದು ನಿಜವಾಗಿಯೂ ನಿಂತಿತು. ಮಗುವಿಗೆ ಏನೂ ಆಗಲಿಲ್ಲ. ಈಗಲೂ ಭಾನುವಾರ ನನ್ನ ಮುಂದೆಯೇ ಕುಣಿದುಕೊಂಡು ಓಡಾಡುತ್ತಾಳೆ. ಆದರೆ ನನ್ನ ತಲೆಯಲ್ಲಿ ಕಾರು ನಿಂತ ಮೇಲೂ ಆ ಘಟನೆ ಮುಗಿಯುವುದಿಲ್ಲ. ಅಲ್ಲಿಂದ ಹಿಂದಕ್ಕೆ ಹೋಗುತ್ತದೆ, ಹಿಂದಿನ ಭಾನುವಾರಕ್ಕೆ, ಅದರ ಹಿಂದಿನದಕ್ಕೆ. ಆ ಭಾನುವಾರಗಳಲ್ಲೆಲ್ಲ ನಾನು ಅದೇ ಕಾರಿನ ಮುಂದಿನ ಸೀಟಿನಲ್ಲಿ ಕೂತಿದ್ದೆ. ಎಲ್ಲವನ್ನೂ ನೋಡುತ್ತಿದ್ದೆ. ಬಾಯಿ ಬಿಡಲಿಲ್ಲ. ಬಾಯಿ ಬಿಡದಿರುವುದೇ ಒಂದು ಸಾಧನೆ ಎಂದುಕೊಂಡಿದ್ದೆ.

ನಾವು ಮಂಗಳೂರು, ಉಡುಪಿ ಕಡೆಯ ಹದಿನೆಂಟು ಕುಟುಂಬಗಳು. ಫ್ರೀಮಾಂಟಿನ ಒಂದು ಅಮೆರಿಕನ್ ಚರ್ಚಿನವರು ತಮ್ಮ ಆರಾಧನೆ ಮುಗಿದ ಮೇಲೆ, ಭಾನುವಾರ ಮಧ್ಯಾಹ್ನ, ಹಿಂಬದಿಯ ಸಭಾಂಗಣವನ್ನು ನಮಗೆ ಬಿಟ್ಟುಕೊಡುತ್ತಾರೆ. ಮನೆಯಲ್ಲಿ ತುಳು ಮಾತಾಡುವ ನಮಗೆ ದೇವರ ಜೊತೆ ಮಾತಾಡಲು ಕನ್ನಡವೇ ಬೇಕು. ಅಜ್ಜಂದಿರ ಕಾಲದಿಂದ ಹಾಡು, ಪ್ರಾರ್ಥನೆ ಎಲ್ಲ ಕನ್ನಡದಲ್ಲಿ. ಮಕ್ಕಳು ಇಂಗ್ಲಿಷ್ ಅಕ್ಷರದಲ್ಲಿ ಬರೆದುಕೊಂಡು ಹಾಡುತ್ತಾರೆ.

ಈಸ್ಟರ್‌ಗೆ ಮುಂಚಿನ ನಲವತ್ತು ದಿನದ ಉಪವಾಸಕಾಲವಾದ ಲೆಂಟಿನ ಮೊದಲ ಭಾನುವಾರ ನಮ್ಮಲ್ಲಿ ಚೀಟಿ ಎತ್ತುವ ಪದ್ಧತಿ ಇದೆ. ಯಾರು ಶುರು ಮಾಡಿದರೋ ಗೊತ್ತಿಲ್ಲ. ನಮ್ಮ ಕೂಟವನ್ನು ನಡೆಸುವ ಆಂಟಿಯೊಬ್ಬರು ಚಕ್ಕುಲಿ ತರುವ ಸ್ಟೀಲ್ ಡಬ್ಬಿಯಲ್ಲೇ ಚೀಟಿಗಳನ್ನೂ ತರುತ್ತಾರೆ. ಪವಿತ್ರಾತ್ಮನ ಫಲವೆಂದು ನಾವು ಚಿಕ್ಕಂದಿನಲ್ಲಿ ಬಾಯಿಪಾಠ ಮಾಡಿದ ಒಂಬತ್ತು ಗುಣಗಳನ್ನು ಅವುಗಳ ಮೇಲೆ ಚೀಟಿಗೆ ಒಂದರಂತೆ ಬರೆದಿರುತ್ತಾರೆ. ನಿಮಗೆ ಬಂದ ಗುಣವನ್ನು ಈಸ್ಟರ್‌ವರೆಗೆ ಸಾಧಿಸಬೇಕು. ಪ್ರತಿ ಭಾನುವಾರ ಆರಾಧನೆಯ ಕೊನೆಗೆ ಒಬ್ಬಿಬ್ಬರು ಎದ್ದು, ಆ ವಾರ ಅದನ್ನು ಹೇಗೆ ನಡೆಸಿದೆವು ಎಂದು ಸಾಕ್ಷಿ ಹೇಳಬೇಕು. ಕೇಳಲು ಮಕ್ಕಳಾಟದಂತಿದ್ದರೂ ನಾವು ಅದನ್ನು ಗಂಭೀರವಾಗಿಯೇ ತೆಗೆದುಕೊಳ್ಳುತ್ತೇವೆ. ಒಬ್ಬರು ತಮ್ಮ ಅಣ್ಣನ ಜೊತೆ ಆರು ವರ್ಷದಿಂದ ನಿಂತುಹೋಗಿದ್ದ ಮಾತನ್ನು ಹೀಗೇ ಒಂದು ಚೀಟಿಯ ನೆಪದಲ್ಲಿ ಮತ್ತೆ ಶುರು ಮಾಡಿದ್ದರು.

ನನಗೆ ಬಂದದ್ದು ದೀರ್ಘಶಾಂತಿ. ಬೇಗ ಸಿಟ್ಟಾಗದೆ, ಇನ್ನೊಬ್ಬರ ಕುಂದುಕೊರತೆಗಳನ್ನು ದೀರ್ಘಕಾಲ ತಾಳಿಕೊಳ್ಳುವ ಗುಣ.

ನನ್ನ ಪಕ್ಕದಲ್ಲಿದ್ದ ಅಂಕಲ್ ತಮ್ಮ ಚೀಟಿಯನ್ನು ಮೂಗಿನ ಹತ್ತಿರ ಹಿಡಿದು, ಆಮೇಲೆ ದೂರ ಹಿಡಿದು, ಕೊನೆಗೆ ನನ್ನ ಕೈಗೆ ಕೊಟ್ಟರು.

"ಎಂತ ಬರೆದಿದ್ದಾರೆ ನೋಡು ಮಾರಾಯ್ತಿ. ಇವರ ಅಕ್ಷರ ಕೋಳಿ ಕೆದರಿದ ಹಾಗೆ ಉಂಟು."

ದೊಡ್ಡ ಅಕ್ಷರದಲ್ಲಿ, ಕಪ್ಪು ಮಾರ್ಕರಿನಲ್ಲಿ ಬರೆದಿತ್ತು. "ಶಮೆದಮೆ, ಅಂಕಲ್," ಎಂದೆ.

"ಶಮೆದಮೆಯಾ! ತನ್ನನ್ನು ತಾನು ಹಿಡಿದಿಟ್ಟುಕೊಳ್ಳುವುದು. ಸಕ್ಕರೆ ಕಾಯಿಲೆಯವನಿಗೆ ದೇವರು ಸರಿಯಾದ್ದನ್ನೇ ಕೊಟ್ಟಿದ್ದಾನೆ. ಇನ್ನು ಈ ಡಬ್ಬಿಯಲ್ಲಿ ಚಕ್ಕುಲಿ ಮಾತ್ರ ತನ್ನಿ ಆಂಟೀ, ಲಾಡು ಬೇಡ."

ಎಲ್ಲರೂ ನಕ್ಕರು. ನಾನೂ ನಕ್ಕೆ. ಆ ಅಕ್ಷರದ ಗಾತ್ರ ಮಾತ್ರ ನನ್ನ ಕಣ್ಣಿನಲ್ಲಿ ಉಳಿಯಿತು.

ಅಂಕಲ್‌ಗೆ ಎಪ್ಪತ್ತನಾಲ್ಕು. ನಲವತ್ತು ವರ್ಷದ ಹಿಂದೆ ಇಲ್ಲಿಗೆ ಬಂದು, ನಿವೃತ್ತಿಯವರೆಗೂ ಒಂದು ಕಾರ್ಖಾನೆಯಲ್ಲಿ ಲೇತು ಯಂತ್ರ ನಡೆಸಿದವರು. ಕೂದಲೆಳೆಗಿಂತ ಸಣ್ಣ ಅಳತೆಯನ್ನು ಬರಿಗಣ್ಣಿನಲ್ಲೇ ಹೇಳುತ್ತಿದ್ದೆ ಎನ್ನುವುದು ಅವರ ಹೆಮ್ಮೆ. ಹೆಂಡತಿ ತೀರಿಕೊಂಡ ಮೇಲೆ ಅವರ ಹಳೆಯ ಬಿಳಿ ಕಾರೇ ಅವರ ಸೇವೆಯಾಯಿತು. ಹೊಸದಾಗಿ ಬಂದವರನ್ನು ಏರ್‌ಪೋರ್ಟಿನಿಂದ ಕರೆತರುವುದು, ಊರಿನಿಂದ ಬಂದ ತಂದೆತಾಯಂದಿರನ್ನು ಡಾಕ್ಟರ ಬಳಿ ಕರೆದೊಯ್ಯುವುದು, ಕಾರಿಲ್ಲದವರನ್ನು ಚರ್ಚಿಗೆ ತಲುಪಿಸುವುದು. ನಾನು ಗರ್ಭಿಣಿಯಾಗಿದ್ದಾಗ ಹೆರಿಗೆಗೆ ಆಸ್ಪತ್ರೆಗೆ ಸೇರಿಸಿದ್ದೂ ಅವರೇ. ನಮ್ಮದು ಒಂದೇ ಕಾರು, ನನ್ನ ಗಂಡನಿಗೆ ಭಾನುವಾರ ಪಾಳಿ. ಹಾಗಾಗಿ ಮಗಳನ್ನೂ ನನ್ನನ್ನೂ ಪಕ್ಕದ ಊರು ನೆವಾರ್ಕಿನ ನಮ್ಮ ಅಪಾರ್ಟ್‌ಮೆಂಟಿನಿಂದ ಕರೆದುಕೊಂಡು ಹೋಗುವವರು ಅವರೇ. ಮಗಳಿಗೆ ಒಂಬತ್ತು ವರ್ಷ. ಒಂದು ಭಾನುವಾರವೂ ಅವರು ತಪ್ಪಿಸಿದ್ದಿಲ್ಲ.

ಚೀಟಿ ಎತ್ತಿದ ಮರುವಾರ ಫ್ರೀವೇಯಲ್ಲಿ ಕಾರು ಮೆಲ್ಲನೆ ಪಕ್ಕದ ಲೇನಿಗೆ ಸರಿಯಿತು. ಟ್ರಕ್ಕೊಂದು ಉದ್ದಕ್ಕೆ ಹಾರನ್ ಹೊಡೆಯಿತು. ಅಂಕಲ್ ಕಾರನ್ನು ಮತ್ತೆ ನಡುವಿಗೆ ತಂದರು.

"ಇಲ್ಲಿಯವರಿಗೆ ತಾಳ್ಮೆಯೇ ಇಲ್ಲ ನೋಡು. ಎಲ್ಲರಿಗೂ ಬೆಂಕಿ ಬಿದ್ದ ಹಾಗೆ ಅವಸರ."

"ಹೌದು ಅಂಕಲ್," ಎಂದೆ. ಕೈ ಬಾಗಿಲ ಹಿಡಿಯನ್ನು ಹಿಡಿದಿತ್ತು.

ಆಮೇಲೆ ಅವರು ಫಲಕಗಳನ್ನು ಓದಲು ನನಗೆ ಹೇಳತೊಡಗಿದರು. "ಎಕ್ಸಿಟ್ ಬಂತಾ ನೋಡು." "ಲೈಟು ಹಸಿರಾ?" ಅದನ್ನೂ ತಮಾಷೆಯಾಗಿಯೇ: "ನಾನು ಡ್ರೈವರ್, ನೀನು ಕಂಡಕ್ಟರ್. ರೈಟ್ ಅಂತ ಹೇಳಿದರೆ ಬಿಡುತ್ತೇನೆ." ನಾನು ಓದಿ ಹೇಳುತ್ತಿದ್ದೆ. ಒಬ್ಬ ಹಿರಿಯರಿಗೆ ಅವರ ಮಾನ ಹೋಗದ ಹಾಗೆ ನೆರವಾಗುತ್ತಿದ್ದೇನೆ ಎಂಬ ಒಂದು ಸಣ್ಣ ಸಂತೋಷ ಕೂಡ ನನಗಿತ್ತು. ಅದನ್ನು ಬರೆಯಲು ಈಗ ನಾಚಿಕೆಯಾಗುತ್ತದೆ.

ಮೂರನೆಯ ಭಾನುವಾರ ಗ್ರೋಸರಿ ಅಂಗಡಿಯ ಎದುರಿನ ಲೈಟು ಕೆಂಪಾಗಿತ್ತು. ನಾನು ಚೀಲದಲ್ಲಿ ಏನೋ ಹುಡುಕುತ್ತಿದ್ದೆ, ಹೇಳಲಿಲ್ಲ. ಕಾರು ನಿಲ್ಲದೆ ದಾಟಿತು. ಆಚೆಯಿಂದ ಯಾರೂ ಬರಲಿಲ್ಲ.

ಹಿಂದಿನ ಸೀಟಿನಿಂದ ಮಗಳು, "ಅಮ್ಮಾ! ಅಂಕಲ್ ರೆಡ್‌ನಲ್ಲಿ ಹೋದ್ರು!" ಎಂದಳು.

ನಾನು ತಿರುಗಿ ಅವಳನ್ನು ದುರುಗುಟ್ಟಿ ನೋಡಿದೆ. ತುಟಿಯ ಮೇಲೆ ಬೆರಳಿಟ್ಟೆ. ಮನೆಗೆ ಬಂದ ಮೇಲೆ, "ದೊಡ್ಡವರು ಏನೋ ತಪ್ಪು ಮಾಡಿದಾಗ ಹಾಗೆ ಎತ್ತಿ ಆಡಬಾರದು. ಅದು ಒಳ್ಳೆಯ ಗುಣವಲ್ಲ. ಇಟ್ ಈಸ್ ರೂಡ್," ಎಂದು ಬುದ್ಧಿ ಹೇಳಿದೆ. ಅವಳು, "ಬಟ್ ಇಟ್ ವಾಸ್ ರೆಡ್," ಎಂದು ಒಂದೇ ಸಲ ಅಂದು ಸುಮ್ಮನಾದಳು.

ನಾಲ್ಕನೆಯ ವಾರ ಸಾಕ್ಷಿ ಹೇಳುವ ಸರದಿ ನನ್ನದು. ಎದ್ದು ನಿಂತು ಹೀಗೆ ಹೇಳಿದೆ: "ನನಗೆ ಬಹಳ ಹತ್ತಿರದ ಹಿರಿಯರೊಬ್ಬರಿದ್ದಾರೆ. ಅವರ ಕೆಲವು ಕೊರತೆಗಳು ಈಚೆಗೆ ನನಗೆ ಕಾಣುತ್ತಿವೆ. ಮೊದಲಾಗಿದ್ದರೆ ಥಟ್ಟನೆ ಹೇಳಿಬಿಡುತ್ತಿದ್ದೆ. ಈ ಲೆಂಟಿನಲ್ಲಿ ದೇವರು ನನಗೆ ನಾಲಿಗೆ ಕಚ್ಚಿಕೊಳ್ಳುವುದನ್ನು ಕಲಿಸಿದ್ದಾನೆ."

ಆಮೆನ್ ಎಂದರು ಎಲ್ಲರೂ. ನನ್ನ ಹಿಂದಿನ ಸಾಲಿನಿಂದ ಬಂದ ಆಮೆನ್ ಎಲ್ಲಕ್ಕಿಂತ ಗಟ್ಟಿಯಾಗಿತ್ತು. ಅದು ಅಂಕಲ್ ಅವರ ಸ್ವರ. ವಾಪಸು ಹೋಗುವಾಗ ಕಾರಿನಲ್ಲಿ ಅವರು, "ಒಳ್ಳೆ ಸಾಕ್ಷಿ ಹೇಳಿದೆ ಮಗಳೇ. ಆ ಹಿರಿಯರು ಯಾರೋ, ಅವರ ಪುಣ್ಯ," ಎಂದು ಮೆಚ್ಚಿದರು. ನಾನು ಮುಂದಿನ ಫಲಕ ಓದಿದೆ.

ಈಸ್ಟರ್‌ಗೆ ಒಂದು ವಾರ ಮುಂಚೆ, ಮಕ್ಕಳು ಗರಿ ಹಿಡಿದು ಹಾಡುತ್ತ ಬರುವ ಗರಿಗಳ ಭಾನುವಾರ, ನಮಗೆ ತಡವಾಗಿತ್ತು. ಮಗಳ ಬಿಳಿ ಫ್ರಾಕಿನ ಜಿಪ್ಪು ಸಿಕ್ಕಿಹಾಕಿಕೊಂಡು ಹತ್ತು ನಿಮಿಷ ಹೋಯಿತು. ಚರ್ಚಿನ ಅಂಗಳಕ್ಕೆ ಕಾರು ತಿರುಗುವಾಗ ಮಕ್ಕಳ ಮೆರವಣಿಗೆ ಆಗಲೇ ಹೊರಟಿತ್ತು. ಕಟ್ಟಡವನ್ನು ಒಂದು ಸುತ್ತು ಬಂದು, ಪಾರ್ಕಿಂಗ್ ಲಾಟಿನ ಒಂದು ಬದಿ ದಾಟಿ, ಮುಂಬಾಗಿಲಿಂದ ಒಳಗೆ ಬರುವ ಮೆರವಣಿಗೆ. ಕಾರುಗಳು ಬಾರದ ಹಾಗೆ ಕಿತ್ತಳೆ ಬಣ್ಣದ ಪ್ಲಾಸ್ಟಿಕ್ ಕೋನ್‌ಗಳನ್ನು ಇಟ್ಟಿದ್ದರು. ಬಿಸಿಲು ನೇರ ಗಾಜಿಗೆ ಹೊಡೆಯುತ್ತಿತ್ತು.

ನನಗೆ ಕೋನ್ ಕಂಡಿತು. ಅವರಿಗೂ ಕಾಣುತ್ತದೆ ಎಂದುಕೊಂಡೆ. ಹೇಳಬೇಕೇ, ಅವರಿಗೆ ಬೇಸರವಾದೀತೇ ಎಂದು ಯೋಚಿಸಿದೆ. ಹೌದು, ಅಷ್ಟು ಯೋಚಿಸಲು ನನಗೆ ಸಮಯವಿತ್ತು. ಮೊದಲ ಕೋನ್ ಕಾರಿನ ಕೆಳಗೆ ಹೋಗಿ ಕರಕರ ಎಂದಿತು. ಅಂಕಲ್ ಬೆಚ್ಚಿಬಿದ್ದು ಕಾಲು ಒತ್ತಿದರು. ಎಂಜಿನ್ನು ಅರಚಿತು. ಕಾರು ಮುಂದಕ್ಕೆ ಹಾರಿತು. ಅವರ ಬಲಗಾಲು ಯಾವುದರ ಮೇಲಿದೆ ಎಂದು ನಾನು ನೋಡಿದೆ. ಆ್ಯಕ್ಸಿಲರೇಟರ್ ಮೇಲೆ, ತಳದವರೆಗೆ. ಅವರ ಪ್ರಕಾರ ಅದೇ ಬ್ರೇಕು.

ನನ್ನ ಬಾಯಿ ತೆರೆಯಿತು. ಸ್ವರ ಬರಲಿಲ್ಲ. ಗಾಜಿನ ಆಚೆ ಹಸಿರು ರಿಬ್ಬನ್ನು.

"ಸ್ಟಾಪ್! ಅಂಕಲ್ ಸ್ಟಾಪ್! ರಾಂಗ್ ಪೆಡಲ್!"

ಕೂಗಿದ್ದು ನನ್ನ ಮಗಳು. ಎರಡು ಸೀಟುಗಳ ನಡುವೆ ತಲೆ ತೂರಿಸಿ, ಅವರ ಕಿವಿಗೇ ಕೂಗಿದಳು. ಕಾಲು ಮೇಲೆದ್ದಿತು, ಪಕ್ಕಕ್ಕೆ ಬಿತ್ತು. ಕಾರು ಮುಗ್ಗರಿಸಿ ನಿಂತಿತು. ನನ್ನ ಸೀಟ್ ಬೆಲ್ಟು ಎದೆಯನ್ನು ಕೊಯ್ಯುವಂತೆ ಬಿಗಿಯಿತು. ಗರಿಯ ತುದಿ ನಮ್ಮ ಬಂಪರಿನ ಕೆಳಗಿತ್ತು, ಬುಡ ಆ ಹುಡುಗಿಯ ಕೈಯಲ್ಲೇ ಇತ್ತು. ಅವಳು ಗರಿಯನ್ನು ಎಳೆದಳು. ಅದು ಬರಲಿಲ್ಲ. ಆಗ ಅಳಲು ಶುರು ಮಾಡಿದಳು.

ಆಮೇಲಿನದು ತುಂಡುತುಂಡಾಗಿ ನೆನಪಿದೆ. ಅವಳ ಅಜ್ಜಿ ಓಡಿ ಬಂದು ಎತ್ತಿಕೊಂಡಿದ್ದು. ಅಜ್ಜ ಅಜ್ಜಿ ಇಬ್ಬರೂ ಆ ತಿಂಗಳಷ್ಟೇ ಊರಿನಿಂದ ಬಂದಿದ್ದರು. ಅಂಕಲ್ ಕೈಗಳು ಸ್ಟಿಯರಿಂಗನ್ನು ಬಿಡದೇ ಇದ್ದದ್ದು. ಯಾರೋ ಬಾಗಿಲು ತೆರೆದಾಗ ಅವರು ಹೇಳಿದ ಮೊದಲ ಮಾತು:

"ಬ್ರೇಕು ಹಿಡಿಯಲಿಲ್ಲ. ಬ್ರೇಕು ಹಿಡಿಯಲೇ ಇಲ್ಲ."

ಎಲ್ಲರೂ ನನ್ನ ಕಡೆ ನೋಡಿದರು. ನಾನು ಮುಂದಿನ ಸೀಟಿನವಳು. ನಾನು ಏನೂ ಹೇಳಲಿಲ್ಲ. ಅಂಗಳದಲ್ಲೇ ಕೈ ಕೈ ಹಿಡಿದು ಸ್ತೋತ್ರದ ಪ್ರಾರ್ಥನೆ ನಡೆಯಿತು. ದೇವರು ದೂತರನ್ನು ಕಳುಹಿಸಿದ, ಬ್ರೇಕಿಲ್ಲದ ಕಾರನ್ನು ತನ್ನ ಕೈಯಿಂದ ನಿಲ್ಲಿಸಿದ ಎಂದು ಆಂಟಿ ಪ್ರಾರ್ಥಿಸಿದರು. ನನ್ನ ಮಗಳು ಕಣ್ಣು ತೆರೆದೇ ನಿಂತು ನನ್ನನ್ನು ನೋಡುತ್ತಿದ್ದಳು.

ಮಂಗಳವಾರ ಊಟಕ್ಕೆ ಕೂತಾಗ ಅವಳು ತಟ್ಟೆಯಿಂದ ತಲೆ ಎತ್ತದೆ ಕೇಳಿದಳು. "ಅಮ್ಮಾ, ಐ ಶೌಟೆಡ್ ಅಟ್ ಅಂಕಲ್. ವಾಸ್ ದಟ್ ರೂಡ್?"

ಹಿರಿಯರ ಮೇಲೆ ಕೂಗಿದ್ದು ತಪ್ಪಾ ಎಂದು ಅವಳ ಪ್ರಶ್ನೆ. ಎರಡು ದಿನದಿಂದ ಅದನ್ನು ಹೊಟ್ಟೆಯಲ್ಲಿಟ್ಟುಕೊಂಡಿದ್ದಳು. ನನ್ನ ಗಂಡ ನನ್ನನ್ನು ನೋಡಿದರು. ನಾನು, "ಇಲ್ಲ ಕಂದಾ, ನೀನು ಸರಿ," ಎಂದೆ. "ದೆನ್ ವೈ ಡಿಡ್ ಎವ್ರಿಬಡಿ ಸೇ ಬ್ರೇಕ್?" ಎಂದಳು. ಅಂಕಲ್‌ಗೆ ಹೇಳಬೇಕು ಎಂದು ನಿರ್ಧರಿಸಿದ್ದು ಆಗಲೇ. ನಿರ್ಧರಿಸಿದೆ ಎಂದರೆ, ಬೇರೆ ಯಾರಾದರೂ ಹೇಳಿದರೆ ಚೆನ್ನಾಗಿತ್ತು ಎಂದುಕೊಂಡೆ.

ಪವಿತ್ರ ಗುರುವಾರದ ಸಂಜೆ ಆರಾಧನೆಗೆ ಅಂಕಲ್ ಅದೇ ಕಾರಿನಲ್ಲಿ ಬಂದರು. ನಾವು ಬೇರೆಯವರ ಜೊತೆ ಹೋಗಿದ್ದೆವು, ನನಗೆ ಕೆಲಸದಿಂದ ತಡವಾಗುತ್ತದೆ ಎಂದು ಅವರಿಗೆ ಸುಳ್ಳು ಹೇಳಿ. ಅವರು ಎದ್ದು ಸಾಕ್ಷಿ ಹೇಳಿದರು. "ಗ್ಯಾರೇಜಿನಲ್ಲಿ ಹೊಸ ಬ್ರೇಕ್ ಪ್ಯಾಡು ಹಾಕಿಸಿದೆ. ಇನ್ನು ಭಯ ಇಲ್ಲ. ಬ್ರೇಕು ಕೈಕೊಟ್ಟರೂ ದೇವರು ಕೈಬಿಡಲಿಲ್ಲ." ಆಮೆನ್. ಆಮೇಲೆ ಈಸ್ಟರ್ ಬೆಳಗಿನ ಆರಾಧನೆಯ ಏರ್ಪಾಡು. ವರ್ಷವೂ ನಾವು ಕೊಲ್ಲಿಯ ದಂಡೆಯ ಪಾರ್ಕಿನಲ್ಲಿ, ಸೂರ್ಯ ಏಳುವ ಮುಂಚೆ ಸೇರುತ್ತೇವೆ. ಯಾರು ಯಾರನ್ನು ಕರೆತರುವುದು ಎಂದು ಆಂಟಿ ಬರೆದುಕೊಳ್ಳುತ್ತಿದ್ದರು.

"ಅಜ್ಜ ಅಜ್ಜಿಯನ್ನು ನಾನು ತರುತ್ತೇನೆ," ಎಂದರು ಅಂಕಲ್. "ಮತ್ತೆ ಇವಳನ್ನು, ಇವಳ ಮಗಳನ್ನು. ಐದು ಗಂಟೆಗೆ ತಯಾರಿರಿ."

ಐದು ಗಂಟೆಗೆ ಕತ್ತಲೆ. ಫ್ರೀವೇ. ಹೆಡ್‌ಲೈಟುಗಳು.

ಆರಾಧನೆ ಮುಗಿದ ಮೇಲೆ ಆಂಟಿಯನ್ನು ಅಡುಗೆಮನೆಯ ಬಳಿ ಹಿಡಿದೆ. ಕಂಡದ್ದನ್ನೆಲ್ಲ ಹೇಳಿದೆ: ಲೇನು, ಕೆಂಪು ಲೈಟು, ಪೆಡಲ್ಲು. ಅವರು ಲೋಟ ಒರೆಸುತ್ತಲೇ ಕೇಳಿದರು.

"ನೋಡು, ಈಸ್ಟರ್ ಒಂದು ಕಳೆಯಲಿ. ಹಬ್ಬದ ಹೊತ್ತಿನಲ್ಲಿ ಮುದುಕರ ಮನಸ್ಸು ಮುರಿಯುವುದು ಬೇಡ. ಅವರಿಗೆ ಆ ಕಾರು ಬಿಟ್ಟರೆ ಎಂತ ಉಂಟು ಹೇಳು?"

"ಆಂಟೀ, ಭಾನುವಾರ ಬೆಳಿಗ್ಗೆ ಏನಾದರೂ ಆದರೆ?"

"ಬಾಯಲ್ಲಿ ಒಳ್ಳೆಯದು ಆಡು ಮಾರಾಯ್ತಿ. ಈ ಸಲ ದೀರ್ಘಶಾಂತಿ ಬಂದದ್ದು ನಿನಗೇ ಅಲ್ವಾ? ಇಷ್ಟು ಬೇಗ ಮುಗಿಯಿತಾ?"

ಅವರು ಕುಹಕಕ್ಕೆ ಅಂದದ್ದಲ್ಲ. ಅವರನ್ನು ನಾನು ದೂರುವಂತೆಯೂ ಇಲ್ಲ. ಆ ಪದಕ್ಕೆ ಆ ಅರ್ಥವನ್ನು ಎಲ್ಲರೆದುರು ನಿಂತು ಕೊಟ್ಟವಳು ನಾನೇ.

ಮರುದಿನ ಶುಭ ಶುಕ್ರವಾರ, ನನಗೆ ಕೆಲಸವಿತ್ತು. ನಾನು ಸ್ಯಾನ್ ಫ್ರಾನ್ಸಿಸ್ಕೋದ ಒಂದು ಆಸ್ಪತ್ರೆಯ ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡುವವಳು. ಸಂಖ್ಯೆಗಳು ಬರುತ್ತವೆ, ಹೋಗುತ್ತವೆ. ಕೆಲವು ಸಂಖ್ಯೆ ಬಂದಾಗ ಮಾತ್ರ ಕಂಪ್ಯೂಟರಿನಲ್ಲಿ ಹಾಕಿ ಸುಮ್ಮನಿರುವಂತಿಲ್ಲ. ಆ ಕೂಡಲೇ ವಾರ್ಡಿಗೆ ಫೋನ್ ಮಾಡಬೇಕು. ಹೇಳಿದ ಮೇಲೂ ಮುಗಿಯುವುದಿಲ್ಲ. ಕೇಳಿಸಿಕೊಂಡವರು ಅದನ್ನು ನಮಗೆ ತಿರುಗಿ ಹೇಳಬೇಕು. ಹೇಳುವವರೆಗೂ ಫೋನ್ ಇಡುವ ಹಾಗಿಲ್ಲ. ಅಂದು ಮಧ್ಯಾಹ್ನ ಒಬ್ಬರ ಪೊಟ್ಯಾಸಿಯಂ ಹೃದಯ ನಿಲ್ಲಿಸುವಷ್ಟು ಏರಿತ್ತು. ಫೋನ್ ಮಾಡಿದೆ. ನರ್ಸಿಗೆ ಕಿರಿಕಿರಿಯಾಗಿತ್ತು. "ನಾನು ಈಗ ಬಿಜಿ," ಎಂದಳು. "ತಿರುಗಿ ಹೇಳಿ," ಎಂದೆ. ಹೇಳಿದಳು. ಅವಳ ಹೆಸರು, ಸಮಯ ಬರೆದುಕೊಂಡೆ. ಹನ್ನೊಂದು ವರ್ಷದಿಂದ ಇದನ್ನು ಮಾಡುತ್ತಿದ್ದೇನೆ. ಅವರಿಗೆ ಬೇಸರವಾದೀತೇ ಎಂದು ಒಮ್ಮೆಯೂ ಯೋಚಿಸಿದ್ದಿಲ್ಲ. ಗ್ಲೌಸ್ ತೆಗೆದು ಕೈ ತೊಳೆಯುವಾಗ ನನ್ನ ಮುಖ ಕನ್ನಡಿಯಲ್ಲಿ ಕಂಡಿತು. ಬೇಗ ಕಣ್ಣು ತಪ್ಪಿಸಿದೆ.

ಶನಿವಾರ ಬೆಳಿಗ್ಗೆ ಎಂಟು ಗಂಟೆಗೆ ಬಸ್ಸು ಹಿಡಿದು ಅಂಕಲ್ ಇರುವ ಅಪಾರ್ಟ್‌ಮೆಂಟಿಗೆ ಹೋದೆ. ಅವರು ಕೆಳಗೆ ಕಾರಿನ ಗಾಜನ್ನು ಹಳೆಯ ಪೇಪರಿನಿಂದ ತಿಕ್ಕುತ್ತಿದ್ದರು. ಒಂದೇ ಜಾಗವನ್ನು ಮತ್ತೆ ಮತ್ತೆ.

"ಓ, ಕಂಡಕ್ಟರ್ ಬಂದಳು! ಎಂತ ಇಷ್ಟು ಬೆಳಿಗ್ಗೆ? ಬಾ, ಚಾ ಮಾಡುತ್ತೇನೆ. ಈ ಗಾಜು ನೋಡು, ಎಷ್ಟು ತಿಕ್ಕಿದರೂ ಮಬ್ಬು ಹೋಗುವುದಿಲ್ಲ."

ಗಾಜು ಫಳಫಳ ಹೊಳೆಯುತ್ತಿತ್ತು.

ಮೇಲೆ ಅವರ ಪುಟ್ಟ ಅಡುಗೆಮನೆಯಲ್ಲಿ ಕೂತೆವು. ಸಕ್ಕರೆಯಿಲ್ಲದ ಚಾ, ಎರಡು ರಸ್ಕು. ಲೋಟಕ್ಕೆ ಚಾ ಸುರಿಯುವಾಗ ಅವರು ಒಂದು ಬೆರಳನ್ನು ಅಂಚಿನ ಒಳಗಿಟ್ಟು, ಬಿಸಿ ತಾಗಿದಾಗ ನಿಲ್ಲಿಸಿದರು. ಎಷ್ಟು ತಿಂಗಳಿಂದ ಹೀಗೆ ಸುರಿಯುತ್ತಿದ್ದರೋ. ಬರುವ ದಾರಿಯಲ್ಲಿ ನಾನು ಕಟ್ಟಿಕೊಂಡು ಬಂದ ಮೆದು ಮಾತುಗಳೆಲ್ಲ ಮರೆತುಹೋದವು.

"ಅಂಕಲ್, ಆ ದಿನ ಬ್ರೇಕು ಹೋಗಿರಲಿಲ್ಲ. ನೀವು ಒತ್ತಿದ್ದು ಆ್ಯಕ್ಸಿಲರೇಟರು. ನಾನು ನೋಡಿದೆ. ನಿಮಗೆ ಕಣ್ಣು ಕಾಣುತ್ತಿಲ್ಲ. ನೀವು ಇನ್ನು ಕಾರು ಓಡಿಸಬಾರದು."

ಅವರು ರಸ್ಕನ್ನು ಚಾದಲ್ಲಿ ಅದ್ದಿದರು. ಅದು ಮುರಿದು ಒಳಗೆ ಬಿತ್ತು. ತೆಗೆಯಲು ಹೋಗಲಿಲ್ಲ.

"ಯಾರು ಕಳಿಸಿದ್ದು ನಿನ್ನನ್ನು?"

"ಯಾರೂ ಇಲ್ಲ."

"ನಲವತ್ತು ವರ್ಷ ಓಡಿಸಿದ್ದೇನೆ. ಒಂದು ಟಿಕೆಟ್ ಇಲ್ಲ. ನಿನ್ನನ್ನು ಹೆರಿಗೆಗೆ ಕರೆದುಕೊಂಡು ಹೋದವನು ಯಾರು? ಆ ದಿನ ಮಳೆಯಲ್ಲಿ? ಆಗ ನನ್ನ ಕಣ್ಣು ಬೇಕಾಗಿತ್ತು, ಈಗ ಬೇಡ."

"ಅಂಕಲ್..."

"ಲೇನ್ ತಪ್ಪಿದ್ದು ನೋಡಿದ್ದೀಯಾ ನೀನು?"

"ನೋಡಿದ್ದೇನೆ."

"ಲೈಟು?"

"ಅದನ್ನೂ."

"ಮತ್ತೆ ಇಷ್ಟು ವಾರ ನನ್ನ ಪಕ್ಕ ಕೂತು ಬಾಯಿಗೆ ಬೀಗ ಹಾಕಿದ್ದೆಯಾ? 'ಹೌದು ಅಂಕಲ್, ಹೌದು ಅಂಕಲ್' ಅಂತ? ಮಗುವನ್ನು ಹಿಂದೆ ಕೂರಿಸಿಕೊಂಡು?"

ಅಷ್ಟಕ್ಕೆ ನಿಲ್ಲಿಸಿದರೆ ಮತ್ತೆ ಅರ್ಧ ಸತ್ಯವಾಗುತ್ತಿತ್ತು. "ಆ ನಾಲ್ಕನೆಯ ವಾರ ನಾನು ಸಾಕ್ಷಿ ಹೇಳಿದೆನಲ್ಲ, ಹಿರಿಯರೊಬ್ಬರು ಅಂತ," ಎಂದೆ. "ಅದು ನೀವೇ."

ಕೆಳಗೆ ಯಾರೋ ಎಲೆ ಊದುವ ಯಂತ್ರ ಚಾಲೂ ಮಾಡಿದ್ದರು, ಅದರ ಸದ್ದು ಕಿಟಕಿಯ ಕೆಳಗೆ ಬಂದು, ದೂರ ಹೋಗಿ, ಮತ್ತೆ ಬಂತು.

"ನಾನು ಎಲ್ಲರಿಗಿಂತ ಜೋರಾಗಿ ಆಮೆನ್ ಹೇಳಿದೆ," ಎಂದರು ಕೊನೆಗೆ. "ನನ್ನನ್ನು ಅಲ್ಲಿ ಕೂರಿಸಿಕೊಂಡೇ ನೀನು ಎಲ್ಲರೆದುರು ಒಳ್ಳೆಯವಳಾದೆ."

"ಹೌದು ಅಂಕಲ್. ಅದು ನನ್ನ ತಪ್ಪು."

ಅವರು ಎದ್ದು ಕಿಟಕಿಯ ಬಳಿ ಹೋಗಿ ನನಗೆ ಬೆನ್ನು ಮಾಡಿ ನಿಂತರು. "ಎಡಗಣ್ಣಿನ ನಡುವೆ ಒಂದು ಕಪ್ಪು ಉಂಟು. ಕ್ರಿಸ್ಮಸ್ ಆದ ಮೇಲೆ ಬಂದದ್ದು. ಡಾಕ್ಟರು ಡ್ರೈವ್ ಮಾಡಬೇಡಿ ಅಂದರು. ನಾನು ಬಲಗಣ್ಣು ಉಂಟಲ್ಲ ಅಂದೆ. ಈಗ ಅದಕ್ಕೂ ಸಂಜೆಯಾಗಿದೆ. ನನ್ನ ಮಗಳು ಕ್ಯುಪರ್ಟಿನೋದ ತನ್ನ ಮನೆಗೆ ಬಂದು ಇರಿ ಅನ್ನುತ್ತಾಳೆ. ಅಲ್ಲಿ ನಾನು ಎಂತ ಮಾಡಲಿ? ಸೋಫಾ ಕಾಯುವುದಾ? ಯಾರಾದರೂ 'ಅಂಕಲ್ ಸ್ವಲ್ಪ ಏರ್‌ಪೋರ್ಟಿಗೆ' ಅಂತ ಕರೆದರೆ ನಾನು ಮನುಷ್ಯ. ಕರೆಯದಿದ್ದರೆ ನಾನು ಬರೀ ಒಬ್ಬ ಸಕ್ಕರೆ ಕಾಯಿಲೆಯವನು."

ಅವರು ತಿರುಗಿದರು.

"ಸರಿ. ನೀನು ಹೇಳಿದ್ದು ಇಷ್ಟು. ನನಗೆ ಕಣ್ಣು ಕಾಣುವುದಿಲ್ಲ. ನಾನು ಒತ್ತಿದ್ದು ಆ್ಯಕ್ಸಿಲರೇಟರು. ಆ ಮಗು ನನ್ನ ಕೈಯಲ್ಲಿ ಸಾಯುತ್ತಿತ್ತು. ಇಷ್ಟೇ ಅಲ್ವಾ?"

"ಇಷ್ಟೇ ಅಂಕಲ್."

"ಹಾಗಾದರೆ ನಾಳೆ ನಾನು ಬರುವುದಿಲ್ಲ ಅಂತ ನೀನೇ ಎಲ್ಲರಿಗೂ ಫೋನ್ ಮಾಡು. ಕಾರು ಸ್ಟಾರ್ಟ್ ಆಗುವುದಿಲ್ಲ ಅಂತ ಹೇಳು."

"ಅದನ್ನು ಹೇಳಲಾರೆ. ನೀವೇ ಹೇಳಬೇಕು. ನೀವು ಹೇಳದೆ ನಾಳೆ ಕಾರು ತೆಗೆದರೆ, ಆ ಅಜ್ಜ ಅಜ್ಜಿಗೆ ನಾನು ಮೊದಲೇ ಫೋನ್ ಮಾಡಿ ಹತ್ತಬೇಡಿ ಅನ್ನುತ್ತೇನೆ. ಯಾಕೆ ಅಂತಲೂ ಹೇಳುತ್ತೇನೆ." ಲೋಟವನ್ನು ಕೆಳಗಿಟ್ಟೆ. "ನಾಳೆ ನಾವು ನಿಮ್ಮನ್ನು ಕರೆದುಕೊಂಡು ಹೋಗುತ್ತೇವೆ. ನಮ್ಮವರು ಪಾಳಿ ಬದಲಾಯಿಸಿಕೊಂಡಿದ್ದಾರೆ."

"ನೀನು ಹೋಗು ಈಗ," ಎಂದರು. ಬಾಗಿಲವರೆಗೂ ಬರಲಿಲ್ಲ. ನಾನು ಅವರನ್ನು ಬಲ್ಲ ಹದಿಮೂರು ವರ್ಷದಲ್ಲಿ ಅದು ಮೊದಲ ಸಲ.

ಬಸ್ಸಿನಲ್ಲಿ ಕೂತು ಅತ್ತೆ. ಸರಿಯಾದ ಕೆಲಸ ಮಾಡಿದ ಸಮಾಧಾನ ಇರುತ್ತದೆ ಎಂದು ಕೇಳಿದ್ದೆ. ನನಗೆ ಅಂಥದ್ದೇನೂ ಆಗಲಿಲ್ಲ. ಯಾರನ್ನೋ ಹೊಡೆದು ಬಂದ ಹಾಗಿತ್ತು.

ಸಂಜೆ ನಾಲ್ಕಕ್ಕೆ ಆ ಹಸಿರು ರಿಬ್ಬನ್ನಿನ ಹುಡುಗಿಯ ತಂದೆ ಫೋನ್ ಮಾಡಿದರು, ಬೆಂಗಳೂರಿನಲ್ಲಿ ಬೆಳೆದವರು. "ಅಕ್ಕಾ, ಅಂಕಲ್ ಕಾಲ್ ಮಾಡಿದ್ರು. ನಾಳೆ ಪಿಕಪ್‌ಗೆ ಬರಲ್ವಂತೆ, ಅಪ್ಪ ಅಮ್ಮನ್ನ ನಾನೇ ಕರ್ಕೊಂಡ್ ಬರ್ತೀನಿ. ಅವರು... ಬ್ರೇಕ್ ಸರಿ ಇತ್ತು, ಕಣ್ಣು ಸರಿ ಇರಲಿಲ್ಲ ಅಂದ್ರು. ಸಾರಿ ಕೇಳಿದ್ರು. ಅಳ್ತಿದ್ರು ಅನ್ಸುತ್ತೆ." ಆಮೇಲೆ, "ನಿಮಗೆ ಮೊದಲೇ ಗೊತ್ತಿತ್ತಾ ಅಕ್ಕಾ?" ಎಂದರು.

"ಗೊತ್ತಿತ್ತು," ಎಂದೆ.

ಅವರು ಆಯ್ತು ಎಂದಷ್ಟೇ ಹೇಳಿ ಫೋನ್ ಇಟ್ಟರು. ಆ 'ಆಯ್ತು' ಈಗಲೂ ನಮ್ಮ ನಡುವೆ ಇದೆ.

ಈಸ್ಟರ್ ಬೆಳಿಗ್ಗೆ ಐದಕ್ಕೆ ನಾವು ಅಂಕಲ್ ಮನೆಯೆದುರು ಕಾರು ನಿಲ್ಲಿಸಿದೆವು. ಹತ್ತು ನಿಮಿಷ ಯಾರೂ ಬರಲಿಲ್ಲ. ಹೋಗಿ ಬಾಗಿಲು ತಟ್ಟಲೇ ಎಂದು ಗಂಡ ಕೇಳಿದರು. ಆಗ ಅವರು ಬಂದರು, ಬಿಳಿ ಅಂಗಿ, ಟೈ. ತಮ್ಮ ಕಾರಿನ ಬಳಿ ಒಂದು ಗಳಿಗೆ ನಿಂತು, ಬಾನೆಟ್ಟನ್ನು ಮುಟ್ಟಿ, ಈ ಕಡೆ ನಡೆದರು. ನಾನು ಮುಂದಿನ ಸೀಟು ಬಿಟ್ಟು ಇಳಿದೆ. ಅವರು ನನ್ನತ್ತ ನೋಡದೆ ಹಿಂದಿನ ಬಾಗಿಲು ತೆರೆದು ಮಗಳ ಪಕ್ಕ ಕೂತರು. ನಾನು ಮತ್ತೆ ಮುಂದಿನ ಸೀಟಿಗೇ ಹತ್ತಿದೆ.

ಫ್ರೀವೇಯಲ್ಲಿ ನನ್ನ ಗಂಡ ಅವಸರದಲ್ಲಿದ್ದರು. ಮುಂದೆ ಒಂದು ಟ್ರಕ್ಕಿನ ಕೆಂಪು ದೀಪಗಳು ದೊಡ್ಡದಾಗುತ್ತ ಬಂದವು.

"ಡ್ಯಾಡೀ, ಟೂ ಕ್ಲೋಸ್," ಎಂದಳು ಮಗಳು. ಅಂದವಳೇ ನನ್ನ ಕಡೆ ನೋಡಿದಳು. ಕನ್ನಡಿಯಲ್ಲಿ ಅವಳ ಕಣ್ಣು ಕಂಡಿತು. ನಾನು ತುಟಿಯ ಮೇಲೆ ಬೆರಳಿಡುತ್ತೇನೆಯೇ ಎಂದು ಕಾಯುತ್ತಿದ್ದಳು. ನನ್ನ ಕೈ ಮಡಿಲಲ್ಲೇ ಇತ್ತು.

"ಹೇಳು ಮಗಾ," ಎಂದರು ಅಂಕಲ್, ಕತ್ತಲೆಯಿಂದ. "ಇನ್ನೊಮ್ಮೆ ಹೇಳು. ನಿನ್ನಪ್ಪನಿಗೆ ಕೇಳಲಿಲ್ಲ."

"ಟೂ ಕ್ಲೋಸ್, ಡ್ಯಾಡೀ!"

ಗಂಡ ವೇಗ ಇಳಿಸಿದರು. ದೀಪಗಳು ದೂರವಾದವು.

ಅಂಕಲ್ ನನ್ನ ಜೊತೆ ಮಾತಾಡುತ್ತಾರೆ ಈಗ, ಅಗತ್ಯವಿದ್ದಷ್ಟು ಮಾತ್ರ. 'ಮಾರಾಯ್ತಿ' ಎನ್ನುವುದಿಲ್ಲ. ನನ್ನ ಗಂಡ ಭಾನುವಾರದ ಪಾಳಿ ಬಿಟ್ಟಿದ್ದಾರೆ. ಪ್ರತಿ ಭಾನುವಾರ ಅಂಕಲ್ ನಮ್ಮ ಕಾರಿನ ಹಿಂದಿನ ಸೀಟಿನಲ್ಲಿ ಮಗಳ ಪಕ್ಕ ಕೂರುತ್ತಾರೆ, ಅವಳು ಅವರಿಗೆ ಫಲಕಗಳನ್ನು ಓದಿ ಹೇಳುತ್ತಾಳೆ, ಅವರು ಅವಳ ಕನ್ನಡ ತಿದ್ದುತ್ತಾರೆ. ಚೀಟಿಯನ್ನು ನಾನು ಆಂಟಿಯ ಡಬ್ಬಿಗೆ ವಾಪಸು ಹಾಕಲಿಲ್ಲ. ನನ್ನ ಪರ್ಸಿನಲ್ಲಿದೆ. ಆ ಪದ ನನಗೆ ಇನ್ನೂ ಅರ್ಥವಾಗಿಲ್ಲ. ಅಂಕಲ್ ನನ್ನನ್ನು ಸಹಿಸಿಕೊಂಡು ಆ ಹಿಂದಿನ ಸೀಟಿನಲ್ಲಿ ಕೂರುತ್ತಾರಲ್ಲ, ಅದೇ ಇರಬಹುದು ಎಂದು ಕೆಲವೊಮ್ಮೆ ಅನ್ನಿಸುತ್ತದೆ. ಅಷ್ಟರಲ್ಲಿ ಮತ್ತೆ ಬಾನೆಟ್ಟಿನ ಆಚೆ ಆ ಮುಖ ಬರುತ್ತದೆ, ಹಸಿರು ರಿಬ್ಬನ್ನು, ಹಾಡುವ ಬಾಯಿ. ನನ್ನ ಬಾಯಿ ತೆರೆಯುತ್ತದೆ. ಈ ಸಲವಾದರೂ ನಾನೇ ಕೂಗುತ್ತೇನೆಯೇ ಎಂದು ಕಾಯುತ್ತೇನೆ. ಪ್ರತಿ ಸಲವೂ ಕೂಗುವುದು ಮಗಳೇ.